ಹೆಸರು ತಪ್ಪು, ಆದ್ರೂ ತೆಗೆಯೋ ಹಾಗಿಲ್ಲ

ಬನಶಂಕರಿ ಜಾತ್ರೆಗೆ ಅಂತ ಅಜ್ಜಿ ಊರಿಗೆ ಹೋದಾಗ ಪಕ್ಕದ ಬಾದಾಮಿ ಗುಹೆಗಳಿಗೂ ಹೋಗಿದ್ದೆ. ಮೂರನೇ ಗುಹೆ ಹತ್ರ ಚಾಲುಕ್ಯ ಮಂಗಳೇಶನ ಒಂದು ಸಣ್ಣ ಕನ್ನಡ ಶಾಸನ ಇದೆ, 6ನೇ ಶತಮಾನದ್ದು. ಈ ದತ್ತಿಯನ್ನ ಅಳಿದವನು ಏಳನೇ ನರಕದ ಹುಳು ಆಗ್ತಾನೆ ಅನ್ನೋ ಶಾಪ ಅದರಲ್ಲಿದೆ. ಅಳಿ, ಏಳು, ಹುಳು ಈ ಮೂರನ್ನೂ ಹಳಗನ್ನಡದಲ್ಲಿ 'ೞ' ಹಾಕಿ ಬರೀತಿದ್ರು: ಅೞಿ, ಏೞು, ಪುೞು.

ಹಾಸ್ಟೆಲ್‌ಗೆ ಬಂದು ಇವನ್ನ ನಮ್ಮ ಪತ್ರಿಕೆಯ ವೆಬ್‌ಸೈಟ್‌ಗೆ ಹಾಕಿದ್ರೆ 'ೞ' ಮಾಯ! ಏರರ್ ಇಲ್ಲ, ಏನಿಲ್ಲ. 'ಏ' ಪಕ್ಕ ಬರೀ ಕೊಂಬು ನೇತಾಡ್ತಿತ್ತು. ತಪ್ಪು ನಂದೇ. ಬೇಡದ ಚಿಹ್ನೆಗಳನ್ನ ತೆಗೆಯೋ 'ಕ್ಲೀನ್' ಫಂಕ್ಷನ್ ಬರೆದಿದ್ದೆ. ಪಟ್ಟಿಯಲ್ಲಿ ಇಲ್ಲದ ಅಕ್ಷರವನ್ನೆಲ್ಲ ಅದು ಸುಮ್ನೆ ಬಿಸಾಕುತ್ತೆ. ಪಟ್ಟಿ ಮಾಡುವಾಗ ಯೂನಿಕೋಡ್‌ನಲ್ಲಿ 'ಕನ್ನಡ ಲೆಟರ್ ಎಫ್‌ಎ' ಅಂತ ಕಂಡಿತ್ತು. ಕನ್ನಡದಲ್ಲಿ 'ಫ಼' ಬೇರೆ ಅಕ್ಷರ ಎಲ್ಲಿದೆ ಅಂತ ಬಿಟ್ಟುಬಿಟ್ಟೆ. ಅದೇ 'ೞ' ಆಗಿತ್ತು.

ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ಗೆ 3294ನೇ ಅಕ್ಷರದ ಹೆಸರು ಕೇಳಿ ನೋಡಿ, ಇವತ್ತಿಗೂ ಅದೇ ತಪ್ಪು ಹೆಸರು ಹೇಳುತ್ತೆ. ಭಾರತೀಯ ಲಿಪಿಗಳನ್ನ ಯೂನಿಕೋಡ್‌ನಲ್ಲಿ ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ. ದೇವನಾಗರಿ 2304ರಿಂದ ಶುರು, ಕನ್ನಡ 3200ರಿಂದ. ಎರಡಕ್ಕೂ 94 ಕೂಡಿಸಿ: ಅಲ್ಲಿ ಬರೋದು ಹಿಂದಿಯ 'ಫ಼', ಇಲ್ಲಿ ನಮ್ಮ 'ೞ'. ಜಾಗ ನೋಡಿ ಹೆಸರಿಟ್ಟ ಹಾಗಿದೆ. ದೇವನಾಗರಿಯಲ್ಲಿ 'ೞ'ಗೆ ಸಮನಾದ ಅಕ್ಷರ 52ರಲ್ಲಿದೆ. ಕನ್ನಡದಲ್ಲಿ ಆ ಜಾಗ ಖಾಲಿ.

ಹಾಗಾದ್ರೆ ಹೆಸರು ಯಾಕೆ ತೆಗೀಲಿಲ್ಲ? 1996ರ 2.0 ಆವೃತ್ತಿಯಲ್ಲಿ ಕೊರಿಯನ್ ಅಕ್ಷರಗಳನ್ನ ಎತ್ತಿ ಬೇರೆ ಕಡೆ ಇಟ್ಟಿದ್ರು. ಹಳೇ ಫೈಲ್‌ಗಳಲ್ಲಿದ್ದ ನಂಬರ್‌ಗಳಿಗೆ ಅರ್ಥವೇ ಹೋಯ್ತು. ಈಗಿನ ನಿಯಮ ಪ್ರಕಾರ ಒಮ್ಮೆ ಸೇರಿಸಿದ ಅಕ್ಷರ ಜಾಗ ಬಿಡಲ್ಲ, ಹೆಸರೂ ಬದಲಾಗಲ್ಲ. ಅದರ ಬದಲು ತಪ್ಪು ಹೆಸರಿನ ಪಕ್ಕ 'ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ' ಅನ್ನೋ ಸರಿ ಹೆಸರನ್ನ ಅಧಿಕೃತವಾಗಿ ಕೊಟ್ಟಿದ್ದಾರೆ. ಯಾವ ಹೆಸರಿನಿಂದ ಹುಡುಕಿದ್ರೂ ಅದೇ ಅಕ್ಷರ ಸಿಗುತ್ತೆ. ನನಗೆ ಮೊದಲು ಇದು ಸೋಮಾರಿತನ ಅನ್ನಿಸ್ತು. ಆದ್ರೆ ಈ ಹೆಸರನ್ನ ಜಗತ್ತಿನಲ್ಲಿ ಯಾರ್ಯಾರ ಕೋಡ್ ಬಳಸ್ತಿದೆಯೋ ಅವರನ್ನೆಲ್ಲ ಹುಡುಕೋದು ಹೇಗೆ?

ಹಾಗಂತ ಎಲ್ಲಾನೂ ಉಳಿಸ್ಕೋಬೇಕಿಲ್ಲ. ಸಿ ಭಾಷೆಯ 'ಗೆಟ್ಸ್' ನೋಡಿ (ಹಳೇ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಇನ್ನೂ ಸಿಗುತ್ತೆ!). ಬಫರ್ ಎಷ್ಟು ದೊಡ್ಡದು ಅಂತ ಅದಕ್ಕೆ ಹೇಳೋಕೇ ಆಗಲ್ಲ, ಹಾಗಾಗಿ ಎಷ್ಟು ಹುಷಾರಾಗಿ ಬಳಸಿದ್ರೂ ಅಪಾಯ. 1988ರ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಇದೂ ಒಂದು. 2011ರ ಸಿ11 ಸ್ಟ್ಯಾಂಡರ್ಡ್‌ನಿಂದ ಅದನ್ನ ಕಿತ್ತೇ ಹಾಕಿದ್ರು. ಹೆಸರು ಕೆಟ್ಟದಾಗಿದ್ರೆ ಓದೋನು ಮೋಸ ಹೋಗ್ತಾನೆ, ಡೇಟಾ ಉಳಿದಿರುತ್ತೆ. ಕೆಲಸವೇ ಕೆಟ್ಟದಾಗಿದ್ರೆ ಡೇಟಾನೇ ಹೋಗುತ್ತೆ.

ನನ್ನ 'ಕ್ಲೀನ್' ಎರಡನೇ ಜಾತಿಗೆ ಸೇರಿದ್ದು. ಅದನ್ನ ಬಳಸ್ತಿರೋರು ನಮ್ಮ ಪತ್ರಿಕೆ, ಫೋಟೋ ಕ್ಲಬ್ ಮತ್ತೆ ಒಬ್ಬ ಸೀನಿಯರ್, ಅಷ್ಟೇ. ಎಲ್ಲರ ರೂಮ್ ನಂಬರೂ ಗೊತ್ತು! ಹಾಗಾಗಿ ಗೊತ್ತಿಲ್ಲದ ಅಕ್ಷರ ಬಂದ್ರೆ ನಿಂತು ಕೇಳೋ ಹೊಸ ಫಂಕ್ಷನ್ ಬರೆದೆ. ಹಳೇದು ಸೆಮಿಸ್ಟರ್ ಮುಗಿಯೋವರೆಗೆ ಎಚ್ಚರಿಕೆ ಕೊಡ್ತಾ ಇರುತ್ತೆ, ಆಮೇಲೆ ಡಿಲೀಟ್. ಸೀನಿಯರ್ ಬೈದ್ರು, "ನನ್ ಪ್ರಾಜೆಕ್ಟ್ ಡೆಮೋ ಆದ್ಮೇಲೆ ತೆಗಿಯೋ ಮಾರಾಯ" ಅಂತ. ಎರಡು ವಾರ ಮುಂದಕ್ಕೆ ಹಾಕಿದೀನಿ.