ಜಾತ್ರೆಯ ತಾಳದಿಂದ ಸೇನೆಯ ಬ್ಯಾಂಡಿಗೆ

ವಾದ್ಯ ನುಡಿಸುವವರಿಗೆ ತಿಂಗಳ ಸಂಬಳ ಕೊಡುವ ಜಾಗಗಳು ನಮ್ಮಲ್ಲಿ ಬಹಳ ಕಡಿಮೆ. ಆಕಾಶವಾಣಿಯ ನಿಲಯ ಕಲಾವಿದರ ಹುದ್ದೆಗಳು ಕರಗುತ್ತ ಬಂದಿವೆ, ಸಿನಿಮಾ ಧ್ವನಿಮುದ್ರಣದಲ್ಲಿ ಹತ್ತು ಜನರ ಕೆಲಸವನ್ನು ಒಂದು ಕೀಬೋರ್ಡು ಮಾಡಿಬಿಡುತ್ತದೆ. ಉಳಿದಿರುವ ದೊಡ್ಡ ಆಶ್ರಯವೆಂದರೆ ಸೇನೆಯ ಮತ್ತು ಪೊಲೀಸರ ಬ್ಯಾಂಡುಗಳು. ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಆನೆಕೊಂಡದಂಥ ಹಳೆಯ ಊರಿನಲ್ಲಿ ತಾಳದ ಕಿವಿ ಇರುವ ಮಕ್ಕಳಿಗೆ ಬರವಿಲ್ಲ. ಜಾತ್ರೆಯ ಸಮಾಳ, ಉರುಮೆ, ಡೊಳ್ಳು ಕೇಳುತ್ತಲೇ ಅವರು ಬೆಳೆಯುತ್ತಾರೆ; ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಂತೂ ಇಡೀ ನಗರವೇ ಆ ಲಯಕ್ಕೆ ಒಗ್ಗಿಕೊಳ್ಳುತ್ತದೆ. ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುವ ಹುಡುಗರೂ ಇದ್ದಾರೆ. ಅವರು ಸಮವಸ್ತ್ರದ ಬ್ಯಾಂಡಿನತ್ತ ಹೋಗದಿರುವುದು ಪ್ರತಿಭೆ ಕಡಿಮೆಯಾಗಿ ಅಲ್ಲ. ಸ್ವರಲಿಪಿ ಓದುವುದನ್ನು ಸಕಾಲದಲ್ಲಿ ಯಾರೂ ಕಲಿಸಲಿಲ್ಲ ಎಂಬುದೇ ಕಾರಣ.

ವಾಯುಪಡೆಯ ಅಗ್ನಿವೀರವಾಯು ಸಂಗೀತಗಾರ ಹುದ್ದೆಯ ನಿಯಮಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಓದು ಹತ್ತನೇ ತರಗತಿ ಸಾಕು, ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಓಟದ ಪರೀಕ್ಷೆಯಲ್ಲಿ ಹುಡುಗರು 1.6 ಕಿಲೋಮೀಟರನ್ನು 7 ನಿಮಿಷದಲ್ಲಿ, ಹುಡುಗಿಯರು 8 ನಿಮಿಷದಲ್ಲಿ ಮುಗಿಸಬೇಕು. ಅಸಲಿ ಪರೀಕ್ಷೆ ಸಂಗೀತದ್ದು. ಅಭ್ಯರ್ಥಿ ಸಿದ್ಧಪಡಿಸಿಕೊಂಡ ಕೃತಿಯೊಂದನ್ನು ನುಡಿಸಬೇಕು, ತನ್ನ ವಾದ್ಯವನ್ನು ತಾನೇ ಶ್ರುತಿ ಮಾಡಿಕೊಳ್ಳಬೇಕು, ಪರೀಕ್ಷಕರು ಕೊಟ್ಟ ಅಪರಿಚಿತ ಸ್ವರವನ್ನು ಕಂಠದಲ್ಲೋ ವಾದ್ಯದಲ್ಲೋ ಹಿಡಿದು ತೋರಿಸಬೇಕು. ಸ್ವರಲಿಪಿಯ ವಿಷಯದಲ್ಲಿ ಪಾಶ್ಚಾತ್ಯ ಸ್ಟಾಫ್ ಪದ್ಧತಿಯೇ ಬೇಕೆಂಬ ಹಟವಿಲ್ಲ, ಹಿಂದೂಸ್ತಾನಿ ಅಥವಾ ಕರ್ನಾಟಕ ಪದ್ಧತಿಯೂ ನಡೆಯುತ್ತದೆ. ವಾದ್ಯಗಳ ಪಟ್ಟಿಯಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರೊಂಬೋನ್, ಯೂಫೋನಿಯಂ ಜೊತೆಗೆ ಪಿಟೀಲು ಮತ್ತು ಭಾರತೀಯ ಶಾಸ್ತ್ರೀಯ ವಾದ್ಯಗಳೂ ಇವೆ. ನೌಕಾಪಡೆಯೂ ಸಂಗೀತಗಾರರನ್ನು ಪ್ರತ್ಯೇಕವಾಗಿ ಆರಿಸಿಕೊಂಡು, ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಮೊದಲ ತರಬೇತಿ ಕೊಡುತ್ತದೆ. ಭೂಸೇನೆಯ ವಾದಕರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಮಿಲಿಟರಿ ಸಂಗೀತ ವಿಭಾಗವಿದೆ. 1950ರಲ್ಲಿ ಅದು ಆರಂಭವಾದಾಗ ಬೆನ್ನಿಗೆ ನಿಂತವರು ಅಂದಿನ ದಂಡನಾಯಕ, ನಮ್ಮ ಕೊಡಗಿನ ಕೆ. ಎಂ. ಕಾರಿಯಪ್ಪ.

ಬ್ಯಾಂಡು ಬ್ರಿಟಿಷರು ಬಿಟ್ಟುಹೋದ ಸಂಗೀತ, ಅದಕ್ಕೂ ನಮ್ಮ ಪರಂಪರೆಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಮೈಸೂರಿನ ಇತಿಹಾಸ ಹೇಳುವುದೇ ಬೇರೆ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ವಾದ್ಯವೃಂದವೂ ಇತ್ತು. ಅವುಗಳ ಮುಂದುವರಿಕೆಯಾದ ಪೊಲೀಸ್ ವಾದ್ಯವೃಂದ ಇಂದಿಗೂ ದಸರೆಯಲ್ಲಿ ನುಡಿಸುತ್ತದೆ. ಬಂಟ್ವಾಳದ ಕಡೆಯ ನಾಗಸ್ವರ ವಾದಕರ ಮನೆಯ ಹುಡುಗನೊಬ್ಬ ಮೊದಲ ಬಾರಿಗೆ ಸ್ಯಾಕ್ಸೊಫೋನ್ ಕೇಳಿ ಮರುಳಾದದ್ದು ಈ ಅರಮನೆ ಬ್ಯಾಂಡಿನಲ್ಲೇ. ಅವರೇ ಕದ್ರಿ ಗೋಪಾಲನಾಥ್. ಗಮಕಕ್ಕೆ ಒಗ್ಗದು ಎಂದುಕೊಂಡಿದ್ದ ಲೋಹದ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಕಚೇರಿಯ ವೇದಿಕೆಗೆ ತಂದರು; 2004ರಲ್ಲಿ ಪದ್ಮಶ್ರೀ ಪಡೆದರು. ಬ್ಯಾಂಡು ಇಲ್ಲದಿದ್ದರೆ ಆ ವಾದ್ಯ ಅವರ ಕಿವಿಗೆ ಯಾವಾಗ, ಎಲ್ಲಿ ಬೀಳುತ್ತಿತ್ತೋ! ಸೇನಾ ಬ್ಯಾಂಡುಗಳು ನುಡಿಸುವ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲೂ ಈಗ ರಾಗಾಧಾರಿತ ಭಾರತೀಯ ಧುನ್‌ಗಳೇ ಮುಂಚೂಣಿಯಲ್ಲಿವೆ. ಅವನ್ನು ಬ್ಯಾಂಡಿಗೆ ಅಳವಡಿಸಲು ನಮ್ಮ ರಾಗ ಬಲ್ಲವರೇ ಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ, ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25 ಜನ. ವಾದ್ಯವೊಂದು ಕೈಗೆ ಪೂರ್ತಿ ಒಲಿಯಲು ನಾಲ್ಕು ವರ್ಷ ಸಾಲದು ಎಂಬುದು ಯಾವ ಗುರುವೂ ಒಪ್ಪುವ ಮಾತು. ಈ ಷರತ್ತು ಸಂಗೀತಕ್ಕೆ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ವಾದಕರ ಮಟ್ಟಿಗಾದರೂ ಸರ್ಕಾರ ಇದನ್ನು ಮರುಪರಿಶೀಲಿಸಬೇಕು. ಹಾಗೆಂದು ದಾರಿಯನ್ನೇ ಬಿಡಬೇಕಿಲ್ಲ. ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆ ಬ್ಯಾಂಡ್ಸ್‌ಮನ್ ಹುದ್ದೆಗಳಿಗೆ ಪ್ರತ್ಯೇಕ ನೇಮಕಾತಿ ನಡೆಸಿದೆ. ಅಂಥ ಅವಕಾಶ ಬಂದಾಗ, ಸೇನೆಯ ಬ್ಯಾಂಡಿನಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಮೇಳದಲ್ಲಿ ಕೂತು ಪಳಗಿದವರ ಕೈ ಮೇಲಾಗಿರುತ್ತದೆ. ಜೊತೆಗೆ ಪದವಿಯನ್ನೂ ದೂರಶಿಕ್ಷಣದಲ್ಲಿ ಮುಗಿಸಿಕೊಳ್ಳುವುದು ಜಾಣತನ. ಬ್ಯಾಂಡಿನವರು ಸೈನಿಕರೂ ಹೌದು ಎಂಬುದು ಹೆತ್ತವರಿಗೆ ಗೊತ್ತಿರಲಿ: ಯುದ್ಧಕಾಲದಲ್ಲಿ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತು ತರುವ ಹೊಣೆ ಬಹುಕಾಲದಿಂದ ಕಾಲಾಳು ಪಡೆಯ ವಾದಕರದ್ದೇ.

ವಾಯುಪಡೆಗೆ ಸೇರುವ ವಯಸ್ಸು ಹದಿನೇಳೂವರೆಯಿಂದ 21. ಪಿಯುಸಿ ಮುಗಿದ ಮೇಲೆ ಕ್ಲಾರಿನೆಟ್ ಹಿಡಿದವರಿಗೆ ಅಷ್ಟರೊಳಗೆ ಸಿದ್ಧರಾಗುವುದು ಕಷ್ಟ, ಎಂಟನೇ ತರಗತಿಯಲ್ಲಿ ಹಿಡಿದವರಿಗೆ ಸಾಧ್ಯ. ಶಾಲಾ ಬ್ಯಾಂಡುಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆಯೂ ಇದೆ. ದಾವಣಗೆರೆ, ಹರಿಹರದ ಪ್ರೌಢಶಾಲೆಗಳಲ್ಲಿ ಬ್ಯಾಂಡು ಎಂದರೆ ಆಗಸ್ಟ್ 15ಕ್ಕೆ ಡ್ರಮ್ ಬಾರಿಸುವುದಷ್ಟೇ ಆಗಬಾರದು. ನಿವೃತ್ತ ಸೇನಾ ಮತ್ತು ಪೊಲೀಸ್ ವಾದಕರನ್ನು ಕರೆಸಿ, ವಾರಕ್ಕೆ ಎರಡು ದಿನ ಸ್ವರಲಿಪಿ ಕಲಿಸಿ. ಮದುವೆಯ ಬ್ಯಾಂಡ್ ಸೆಟ್ಟಿನಲ್ಲಿ ಊದುವ ಮಕ್ಕಳನ್ನೇ ಮೊದಲ ಸಾಲಿನಲ್ಲಿ ಕೂರಿಸಿ.