ಕಪ್ಪು-ಬಿಳುಪು ಫೋಟೊ ತಲೆಮಾರು ಬಾಳಬೇಕೇ? ಇಂಕ್ ನೋಡಿ ಮುದ್ರಿಸಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಿರಿಯರ ಕಪ್ಪು-ಬಿಳುಪು ಫೋಟೊ ಐವತ್ತು ಅರವತ್ತು ವರ್ಷಗಳಿಂದ ತೂಗುತ್ತಿರುತ್ತದೆ. ಅದನ್ನೇ ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಿದ ಹೊಸ ಪ್ರತಿ ಮಾತ್ರ ಕೆಲವೇ ವರ್ಷಗಳಲ್ಲಿ ಕೆಂಪಿಗೋ ಹಸಿರಿಗೋ ತಿರುಗಬಹುದು. ಹಳೆಯ ಫೋಟೊದಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯ ಕಣಗಳು. ಹೊಸ ಇಂಕ್‌ಜೆಟ್ ಪ್ರತಿಯಲ್ಲಿ ಆ ಕೆಲಸ ಇಂಕಿನದು. ಹಾಗಾಗಿ ಮೊದಲು ಕೇಳಬೇಕಾದದ್ದು ಇಂಕ್ ಯಾವುದು ಎಂದು.

ಡೈ ಮತ್ತು ಪಿಗ್ಮೆಂಟ್

ಇಂಕ್‌ಜೆಟ್ ಇಂಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಡೈ ಇಂಕಿನಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಬೆಲೆ ಕಡಿಮೆ, ಹೊಳಪು ಚೆನ್ನ, ಇಂಕ್ ಚಿಮ್ಮುವ ನಳಿಕೆ ಕಟ್ಟಿಕೊಳ್ಳುವ ತೊಂದರೆಯೂ ಕಡಿಮೆ. ಆದರೆ ಬಿಡಿಬಿಡಿಯಾದ ಅದರ ಅಣುಗಳನ್ನು ಬಿಸಿಲೂ ಗಾಳಿಯಲ್ಲಿನ ಓಝೋನ್ ಕೂಡ ಬೇಗ ಒಡೆಯುತ್ತವೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗದ ಸೂಕ್ಷ್ಮ ಕಣಗಳಾಗಿರುತ್ತದೆ. ಕಣದ ಮೇಲ್ಪದರ ಸವೆದರೂ ಒಳಗಿನದು ಉಳಿಯುವುದರಿಂದ ಬಾಳಿಕೆ ಹೆಚ್ಚು.

ಇದಕ್ಕೆ ಸಾಕ್ಷಿ ನಮ್ಮ ನೆಲದಲ್ಲೇ ಇದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಪ್ರಾಚೀನ ಚಿತ್ರಗಳು ಇಂದಿಗೂ ಕಾಣುತ್ತವೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್ ಎಂಬ ಪಿಗ್ಮೆಂಟ್. ಕಪ್ಪಿನಲ್ಲಿ ಅಷ್ಟೇ ಗಟ್ಟಿಯಾದದ್ದು ಇಂಗಾಲ, ಅಂದರೆ ಮಸಿ. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಗಳಿಗೆ ಹಿಂದಿನವರು ತುಂಬುತ್ತಿದ್ದದ್ದೂ ಇದನ್ನೇ. ಒಳ್ಳೆಯ ಕಪ್ಪು ಪಿಗ್ಮೆಂಟ್ ಇಂಕಿನ ಮೂಲವೂ ಇಂಗಾಲವೇ.

ಒಂದೇ ಕಪ್ಪು ಸಾಲದು

ಇಟಗಿಯ ಮಹಾದೇವ ದೇವಾಲಯವನ್ನು (1112) ಕಪ್ಪು-ಬಿಳುಪಿನಲ್ಲಿ ತೆಗೆದರೆ, ಕೆತ್ತನೆಯ ಆಳವೆಲ್ಲ ಬೂದು ಬಣ್ಣದ ಹತ್ತಾರು ಛಾಯೆಗಳಲ್ಲಿ ಮೂಡಬೇಕು. ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಆರು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಪ್ಪು, ಅದೂ ಡೈ. ಬೂದು ಬೇಕಾದಾಗ ಯಂತ್ರ ನೀಲಿ, ಕೆಂಪು, ಹಳದಿ ಬಣ್ಣಗಳನ್ನು ಬೆರೆಸುತ್ತದೆ. ಇವುಗಳಲ್ಲಿ ಒಂದು ಉಳಿದವಕ್ಕಿಂತ ಬೇಗ ಮಾಸಿದರೆ ಇಡೀ ಚಿತ್ರಕ್ಕೆ ಬಣ್ಣ ತಿರುಗುತ್ತದೆ.

ಕಪ್ಪಿನ ಜೊತೆಗೆ ಬೂದು ಇಂಕುಗಳೂ ಇರುವ ಪಿಗ್ಮೆಂಟ್ ಪ್ರಿಂಟರ್ ಇದಕ್ಕೆ ಪರಿಹಾರ. ಎಪ್ಸನ್‌ನ ಅಲ್ಟ್ರಾಕ್ರೋಮ್ ಕೆ3 ಇಂಕುಗಳಲ್ಲಿ ಕಪ್ಪು, ತಿಳಿಗಪ್ಪು, ಅದಕ್ಕೂ ತಿಳಿಯಾದದ್ದು ಎಂದು ಮೂರು ಹಂತಗಳಿವೆ. ಕ್ಯಾನನ್‌ನ ಲೂಸಿಯಾ ಪ್ರೊನಲ್ಲೂ ಬೂದು ಬೇರೆಯಾಗಿಯೇ ಇದೆ. ಎಪ್ಸನ್‌ನ ಇಂಥ ಯಂತ್ರಗಳಲ್ಲಿ 'ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್' ಆಯ್ಕೆ ಮಾಡಿದರೆ ಬಣ್ಣದ ಇಂಕ್ ಬಹಳ ಕಡಿಮೆ ಬಳಕೆಯಾಗುತ್ತದೆ. ಅಮೆರಿಕದ ಜಾನ್ ಕೋನ್ ರೂಪಿಸಿದ ಪಿಯೆಜೋಗ್ರಫಿ ಪದ್ಧತಿಯಲ್ಲಂತೂ ಬಣ್ಣದ ಜಾಗದಲ್ಲೆಲ್ಲ ಕಪ್ಪಿನ ಬೇರೆಬೇರೆ ಛಾಯೆಗಳೇ. ಬರೀ ಇಂಗಾಲದ ಮುದ್ರಣ ತುಸು ಕಂದು ಕಾಣುತ್ತದೆ. ಹಿರಿಯರ ಭಾವಚಿತ್ರಕ್ಕೆ ಆ ಛಾಯೆ ಒಪ್ಪುತ್ತದೆ.

ಕಾಗದ ಮತ್ತು ಕಟ್ಟು

ಒಳ್ಳೆಯ ಇಂಕನ್ನು ಕಳಪೆ ಕಾಗದ ಕೆಡಿಸುತ್ತದೆ. ಆಮ್ಲರಹಿತ ಹತ್ತಿ ಕಾಗದ ಉತ್ತಮ. ಕಣ್ಣು ಕುಕ್ಕುವಷ್ಟು ಬೆಳ್ಳಗಿನ ಕಾಗದದಲ್ಲಿ ಹೊಳಪುಕಾರಕ ರಾಸಾಯನಿಕ ಇರುತ್ತದೆ. ಅದು ಕ್ಷೀಣಿಸಿದಾಗ ಕಾಗದ ಹಳದಿಯಾಗಿ ಕಾಣುತ್ತದೆ. ನುಣುಪು ಕಾಗದಕ್ಕೆ ಫೋಟೊ ಬ್ಲ್ಯಾಕ್, ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಬಳಸಬೇಕು. ಮುದ್ರಿಸಿದ್ದನ್ನು ಒಂದು ದಿನವಾದರೂ ಒಣಗಲು ಬಿಟ್ಟು, ಗಾಜಿಗೆ ತಾಗದಂತೆ ನಡುವೆ ಮೌಂಟ್ ಇಟ್ಟು ಕಟ್ಟು ಹಾಕಿಸಿ. ನಮ್ಮ ಬೇಸಿಗೆಯ ಬಿಸಿಲು ನೇರ ಬೀಳುವ ಗೋಡೆಗೆ ತೂಗುಹಾಕಬೇಡಿ.

ಕೊಳ್ಳುವಾಗ ಎಚ್ಚರ

ಪೆಟ್ಟಿಗೆಯ ಮೇಲೆ 'ನೂರು ವರ್ಷ' ಎಂದಿದ್ದರೆ ಅದು ಪ್ರಯೋಗಾಲಯದಲ್ಲಿ ತೀವ್ರ ಬೆಳಕಿಗೆ ಒಡ್ಡಿ ಹಾಕಿದ ಅಂದಾಜು. ಈ ಪರೀಕ್ಷೆಗೆ ಹೆಸರಾದ ವಿಲ್‌ಹೆಲ್ಮ್ ಸಂಸ್ಥೆಯ ಲೆಕ್ಕ ದಿನಕ್ಕೆ 12 ಗಂಟೆ, 450 ಲಕ್ಸ್ ಬೆಳಕಿನದು. ಕಿಟಕಿ ಪಕ್ಕದ ಬೆಳಕು ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು.

'ಪಿಗ್ಮೆಂಟ್ ಇದೆ' ಎಂದರೆ ಎಲ್ಲ ಬಣ್ಣವೂ ಪಿಗ್ಮೆಂಟೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಎಷ್ಟೋ ಕಚೇರಿ ಪ್ರಿಂಟರ್‌ಗಳಲ್ಲಿ ಅಕ್ಷರ ಮುದ್ರಿಸುವ ಕಪ್ಪು ಮಾತ್ರ ಪಿಗ್ಮೆಂಟ್. ಡೈ ಯಂತ್ರದ ಟ್ಯಾಂಕಿಗೆ ಪಿಗ್ಮೆಂಟ್ ಸುರಿಯಬೇಡಿ. ಎರಡೂ ಬೆರೆತು ಗಂಟುಕಟ್ಟಿ ಪ್ರಿಂಟ್ ಹೆಡ್ ಹಾಳಾಗಬಹುದು. ಪಿಗ್ಮೆಂಟ್ ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸಬಾರದು. ವಾರಕ್ಕೊಂದು ನಳಿಕೆ ಪರೀಕ್ಷೆಯ ಹಾಳೆ ತೆಗೆಯಿರಿ.

ಅನುಮಾನವಿದ್ದರೆ ನೀವೇ ಪರೀಕ್ಷಿಸಿ: ಒಂದೇ ಬೂದು ಪಟ್ಟಿಯ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಎರಡು ಮೂರು ತಿಂಗಳ ಬಳಿಕ ರಟ್ಟು ತೆಗೆದು ಎರಡೂ ಅರ್ಧ ಹೋಲಿಸಿ.

ಪಿಗ್ಮೆಂಟ್ ಪ್ರಿಂಟರ್ ದುಬಾರಿ. ಪ್ರತಿ ಸ್ಟುಡಿಯೊ ಅದನ್ನು ಕೊಳ್ಳಬೇಕಿಲ್ಲ. ಫೈಲ್ ಕಳಿಸಿದರೆ ಹೀಗೆ ಮುದ್ರಿಸಿಕೊಡುವ ಲ್ಯಾಬ್‌ಗಳು ಬೆಂಗಳೂರಿನಲ್ಲಿವೆ. ಪಾಸ್‌ಪೋರ್ಟ್ ಫೋಟೊಗೆ ಡೈ ಸಾಕು. ಮೊಮ್ಮಕ್ಕಳೂ ನೋಡಬೇಕಾದ ಹಿರಿಯರ ಚಿತ್ರಕ್ಕೆ ಮಾತ್ರ ಇಂಗಾಲದ ಪಿಗ್ಮೆಂಟ್ ಇಂಕ್, ಹತ್ತಿ ಕಾಗದ ಎರಡನ್ನೂ ಕೇಳಿ ಹಾಕಿಸಿ. ಸ್ಕ್ಯಾನ್ ಆದ ಬಳಿಕ ಮೂಲ ಫೋಟೊವನ್ನು ಎಂದೂ ಎಸೆಯಬೇಡಿ.