ಗುಲಗಂಜಿಯಷ್ಟು ಸಡಿಲ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾವೇರಿ ಕಪಿಲೆಯರು ಕೂಡುವ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂಬುದು ಭಕ್ತರ ನಂಬಿಕೆ. ಅಷ್ಟು ಅಲ್ಪವಾದ ಅಂತರಕ್ಕೂ ಬೆಲೆಯುಂಟೆಂಬುದನ್ನು ಲೌಕಿಕದಲ್ಲಿ ಕಾಣಬೇಕಾದರೆ ಬೈಸಿಕಲ್ಲಿನ ಹಿಂದಿನ ಗಾಲಿಯನ್ನು ಬಿಚ್ಚಿ ನೋಡಬೇಕು.

ನರಸೀಪುರವಾಗಲಿ, ಕಪಿಲೆಯ ಮೇಲ್ದಂಡೆಯ ನಂಜನಗೂಡಾಗಲಿ, ಗುಜರಿಗೆ ಬಿದ್ದ ಬೈಸಿಕಲ್ಲುಗಳಿಗೆ ಎಲ್ಲ ಊರುಗಳಂತೆ ಇಲ್ಲಿಯೂ ಬರವಿಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ಊರಿನ ಶಾಲೆ ಏಳನೆಯ ತರಗತಿಗೆ ಮುಗಿದರೆ ಓದೂ ಅಲ್ಲಿಗೇ ಮುಗಿಯಬಾರದೆಂಬುದು ಅದರ ಆಶಯ. ಅಂಥದೊಂದು ಬೈಸಿಕಲ್ಲು “ಹಿಂದಿನ ಗಾಲಿ ಅಲ್ಲಾಡುತ್ತದೆ” ಎಂಬ ಒಂದೇ ಕಾರಣಕ್ಕೆ ತಕ್ಕಡಿಯೇರಿದರೆ, ಅದು ಜ್ವರ ಬಂದವನಿಗೆ ಚಟ್ಟ ಕಟ್ಟಿದಂತೆ!

ಮೊದಲು ರೋಗವನ್ನು ತಿಳಿಯಬೇಕು. ಸ್ಟ್ಯಾಂಡು ಹಾಕಿ ಗಾಲಿಯನ್ನು ತಿರುಗಿಸಿರಿ. ರಿಮ್ಮು ಹಾವಿನಂತೆ ಬಳುಕಿದರೆ ದೋಷ ಕಡ್ಡಿಗಳದು. ಬೆಂಡು ತೆಗೆಸಿದರೆ ಸಾಕು. ನಿಂತ ಗಾಲಿಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದಾಗ ‘ಟಕ್ ಟಕ್’ ಎಂದು ಜೋಲಿ ಹೊಡೆದರೆ ದೋಷ ನಡುವಿನ ಹಬ್ಬಿನದು. ಫ್ರೀವೀಲು ಮಾತ್ರ ತುಸು ಓಲಾಡಿದರೆ ಚಿಂತೆಯಿಲ್ಲ.

ಎತ್ತಿನ ಗಾಡಿಯ ಗುಂಬವು ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗಬೇಕು. ಆದುದರಿಂದಲೇ ಅದಕ್ಕೆ ಕೀಲೆಣ್ಣೆ. ಬೈಸಿಕಲ್ಲಿನಲ್ಲಿ ಈ ಉಜ್ಜಾಟವನ್ನು ಉಕ್ಕಿನ ಗುಂಡುಗಳು ಉರುಳಾಟವಾಗಿ ಮಾರ್ಪಡಿಸುತ್ತವೆ. ಪ್ಯಾರಿಸ್ಸಿನ ಜೂಲ್ ಸೂರಿರೇ ಎಂಬಾತ 1869ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಹಬ್ಬಿನ ಎರಡು ತುದಿಗಳಲ್ಲಿ ಬಟ್ಟಲುಗಳು, ಅಚ್ಚಿನ ಮೇಲೆ ಅವಕ್ಕೆದುರಾಗಿ ಎರಡು ಕೋನುಗಳು, ನಡುವೆ ಗುಂಡುಗಳು. ಹಿಂಗಾಲಿಗೆ ಸಾಮಾನ್ಯವಾಗಿ ಕಾಲಂಗುಲದ ಗುಂಡುಗಳು, ಮಗ್ಗುಲಿಗೆ 9ರಂತೆ 18. ಸವಾರನ ಭಾರ, ಕ್ಯಾರಿಯರಿನ ಮೂಟೆ, ಸರಪಳಿಯ ಸೆಳೆತ ಎಲ್ಲವೂ ಬೀಳುವುದು ಹೆಚ್ಚಾಗಿ ಇವುಗಳ ಮೇಲೆಯೇ.

ಗಾಲಿಯನ್ನು ಇಳಿಸಿ, ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿರಿ. ಉರುಳಿ ಹೋದ ಗುಂಡು ಮತ್ತೆ ಸಿಕ್ಕುವುದು ಕಷ್ಟ. ಫ್ರೀವೀಲು ಇಲ್ಲದ ಮಗ್ಗುಲಿನ ಲಾಕ್ ನಟ್ಟು, ಕೋನುಗಳನ್ನು ಬಿಚ್ಚಿ ಅಚ್ಚನ್ನು ಹೊರಗೆಳೆಯಿರಿ. ಎಲ್ಲವನ್ನೂ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒರೆಸಿರಿ. ಕೋನಿನ ಮೈಯಲ್ಲಿ ಉಗುರಿಗೆ ಹಳ್ಳ ತಗುಲಿದರೆ ಅದನ್ನು ಬದಲಿಸಲೇಬೇಕು. ಅಚ್ಚನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗಿದೆಯೇ ಎಂಬುದು ತಿಳಿಯುತ್ತದೆ. ಗುಂಡುಗಳನ್ನಂತೂ ಹಳೆಯದು ಹೊಸದು ಬೆರೆಸದೆ ಒಟ್ಟಿಗೆ ಬದಲಿಸುವುದು ಲೇಸು. ಸವೆದವುಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಭಾರವೆಲ್ಲ ಆ ಒಂದರ ತಲೆಗೇ ಬೀಳುತ್ತದೆ. ಬಟ್ಟಲಿಗೆ ಧಾರಾಳವಾಗಿ ಗ್ರೀಸು ಬಳಿದರೆ ಗುಂಡುಗಳು ಅಲ್ಲಿಯೇ ಅಂಟಿಕೊಂಡು ನಿಲ್ಲುತ್ತವೆ.

ಕೊನೆಯದೇ ಕುಶಲದ ಕೆಲಸ. ಜೋಲಿ ನಿಲ್ಲುವವರೆಗೆ ಕೋನನ್ನು ಬೆರಳಿನಿಂದಲೇ ತಿರುಗಿಸಿ, ಬಳಿಕ ಕಾಲು ಸುತ್ತಿನಷ್ಟು ಹಿಂದಕ್ಕೆ ಬಿಡಿರಿ. ಕೋನನ್ನು ತೆಳು ಸ್ಪ್ಯಾನರಿನಿಂದ ಹಿಡಿದೇ ಲಾಕ್ ನಟ್ಟನ್ನು ಬಿಗಿಯಬೇಕು. ಇಲ್ಲದಿದ್ದರೆ ಕೋನೂ ಅದರೊಡನೆ ಸರಿದು ಎಲ್ಲವೂ ಕೆಡುತ್ತದೆ. ಅತಿ ಸಡಿಲವಾದರೆ ಗಾಲಿ ಜೋಲಿ ಹೊಡೆಯುತ್ತದೆ, ಅತಿ ಬಿಗಿಯಾದರೆ ಗುಂಡು ಕೋನನ್ನೇ ಕೊರೆಯುತ್ತದೆ. “ಅಲ್ಲಾಡುತ್ತದೆಯಲ್ಲ” ಎಂದು ಬಲವನ್ನೆಲ್ಲ ಹಾಕಿ ಬಿಗಿದವರಿಂದ ಹಾಳಾದ ಹಬ್ಬುಗಳು ಕಡಿಮೆಯಲ್ಲ. ಸರಪಳಿ ಹಾಕುವ ಮೊದಲು ಅಚ್ಚಿನ ಎರಡು ತುದಿಗಳನ್ನು ಹಿಡಿದೆತ್ತಿ ಗಾಲಿಯನ್ನು ಮೆಲ್ಲನೆ ತಿರುಗಿಸಿ ಬಿಡಿರಿ. ಅದು ಸದ್ದಿಲ್ಲದೆ ಸುತ್ತಿ, ಭಾರವಾದ ಭಾಗವನ್ನು ತಾನಾಗಿ ಕೆಳಕ್ಕೆ ತಂದುಕೊಂಡು, ತೂಗಿ ನಿಂತರೆ ಹದ ಸಿಕ್ಕಿತೆಂದೇ ತಿಳಿಯಿರಿ.

ಚೌಕಟ್ಟು ಸೀಳಿದ್ದರೆ, ರಿಮ್ಮು ತುಕ್ಕಿಗೆ ತೂತಾಗಿದ್ದರೆ ಮಮತೆ ಸಲ್ಲದು. ಅದು ಗುಜರಿಗೇ ಹೋಗಲಿ. ಅವೆರಡೂ ಗಟ್ಟಿಯಾಗಿದ್ದರೆ ಬೇಕಾಗುವುದು ಹಿಡಿ ಗುಂಡು, ಒಂದಿಷ್ಟು ಗ್ರೀಸು, ಒಂದು ಸಂಜೆಯ ತಾಳ್ಮೆ. ಮರುದಿನ ಬೆಳಿಗ್ಗೆ ಆ ಬೈಸಿಕಲ್ಲು ಇನ್ನೊಂದು ಮಗುವನ್ನು ಗಂಟೆ ಬಾರಿಸುವುದರೊಳಗೆ ಶಾಲೆಗೆ ಮುಟ್ಟಿಸಬಲ್ಲದು.